ಖಾದಿಯ ಹೆಸರು, ಬೆಂಗೇರಿಯ ಧ್ವಜ

ಕಾನೂನುಭಂಗ ಚಳವಳಿಯ ಕಾವು ಇನ್ನೂ ಆರಿರದ 1934ರಲ್ಲಿ ದಿಲ್ಲಿಯ ಕೇಂದ್ರ ಶಾಸನಸಭೆ ಒಂದು ಪುಟ್ಟ ಕಾಯ್ದೆಯನ್ನು ಹೊರತಂದಿತು. ಅದು ಖದ್ದರ್ ಹೆಸರು ಸಂರಕ್ಷಣಾ ಕಾಯ್ದೆ. ಬಟ್ಟೆಯ ಮೇಲೆ ‘ಖದ್ದರ್’ ಅಥವಾ ‘ಖಾದಿ’ ಎಂದು ಬರೆದಿದ್ದರೆ ಅದು ಭಾರತದಲ್ಲಿ ಕೈಯಿಂದ ನೂತ ಹತ್ತಿಯ ನೂಲನ್ನು ಭಾರತದಲ್ಲೇ ಕೈಮಗ್ಗದಲ್ಲಿ ನೇಯ್ದ ಬಟ್ಟೆ ಎಂದೇ ಅರ್ಥ. ಬೇರೆ ಬಟ್ಟೆಯ ಮೇಲೆ ಆ ಹೆಸರು ಒತ್ತಿದರೆ ಅದು ಸರಕಿನ ಬಗ್ಗೆ ಸುಳ್ಳು ಹೇಳಿದಂತೆ ಎಂದು ಆ ಕಾಯ್ದೆ ಸಾರಿತು. ಸುಳ್ಳು ವಿವರಣೆಗೆ ಶಿಕ್ಷೆ ಕೊಡುವ 1889ರ ಸರಕು ಗುರುತುಗಳ ಕಾನೂನು ಮೊದಲೇ ಇತ್ತು; ಹೊಸ ಕಾಯ್ದೆ ಅದರ ಬಲವನ್ನು ಖಾದಿಗೆ ಜೋಡಿಸಿತು. ಖಾದಿ ತೊಟ್ಟವರನ್ನು ಲಾಠಿಯಿಂದ ಹೊಡೆಯುತ್ತಿದ್ದ ಆಳ್ವಿಕೆಯ ಕಾಲದಲ್ಲೇ ಖಾದಿಯ ಹೆಸರಿಗೆ ಕಾನೂನಿನ ಕಾವಲು ಸಿಕ್ಕಿತು. ಅಲ್ಲಿಂದ ಸುಮಾರು ತೊಂಬತ್ತು ವರ್ಷಗಳವರೆಗೆ ಈ ಹೆಸರಿನ ಸುತ್ತ ನಡೆದ ಹೋರಾಟದ ಕೊನೆಯ ದೊಡ್ಡ ಪೆಟ್ಟು ಬಿದ್ದದ್ದು ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಆ ಪೆಟ್ಟು ಕೊಟ್ಟವರು ನಕಲು ಮಾಲಿನವರಲ್ಲ. ಹೆಸರನ್ನು ಕಾಯುವ ಕಾನೂನು ಆ ಹೆಸರಿನ ಹಿಂದಿರುವ ಕೆಲಸವನ್ನು ಕಾಯಲಾರದು ಎಂಬ ನನ್ನ ವಾದಕ್ಕೆ ಬೆಂಗೇರಿಯ ಕಥೆಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಹೆಸರಿಗೆ ರಕ್ಷಣೆ ಏಕೆ ಬೇಕಾಯಿತು ಎಂಬುದನ್ನು ಮೊದಲು ನೋಡಬೇಕು. 1920ರ ನಂತರ ಖಾದಿಗೆ ಬೇಡಿಕೆ ಏರುತ್ತಿದ್ದಂತೆ ದೇಶದ ಗಿರಣಿಗಳು ತಮ್ಮ ದಪ್ಪ ಬಟ್ಟೆಗೆ ಖದ್ದರ್ ಎಂಬ ಛಾಪು ಒತ್ತಿ ಮಾರತೊಡಗಿದವು. ಜಪಾನಿನಿಂದಲೂ ಅಂಥ ಬಟ್ಟೆ ಬಂತು. ಕಣ್ಣಿಗೆ ಅವು ಖಾದಿಯಂತೆಯೇ ಒರಟಾಗಿದ್ದವು, ಬೆಲೆ ಮಾತ್ರ ಕಡಿಮೆ. 1925ರಲ್ಲಿ ಹುಟ್ಟಿದ ಅಖಿಲ ಭಾರತ ಚರಕಾ ಸಂಘ ಇದಕ್ಕೆ ಪ್ರಮಾಣಪತ್ರದ ಪದ್ಧತಿಯಿಂದ ಉತ್ತರ ಕೊಟ್ಟಿತು. ಸಂಘದ ಒಪ್ಪಿಗೆ ಪಡೆದ ಭಂಡಾರದಲ್ಲಿ ಸಿಗುವುದು ಮಾತ್ರ ಖಾದಿ. 1935ರಲ್ಲಿ ಗಾಂಧೀಜಿಯ ಒತ್ತಾಯದಿಂದ ಸಂಘ ಇನ್ನೊಂದು ಹೆಜ್ಜೆ ಇಟ್ಟು, ನೂಲುವವರಿಗೆ ಹೊಟ್ಟೆ ತುಂಬುವಷ್ಟು ಕೂಲಿ ಸಿಗಬೇಕು ಎಂಬ ನಿಯಮ ತಂದಿತು. ಇದರಿಂದ ಖಾದಿಯ ಬೆಲೆ ಏರಿತು, ಕೆಲವು ಕಡೆ ಮಾರಾಟ ಕುಗ್ಗಿತು, ಪ್ರಮಾಣಪತ್ರವಿಲ್ಲದ ಅಗ್ಗದ ಖಾದಿಯವರಿಗೆ ದಾರಿ ತೆರೆಯಿತು. ಈ ನಿರ್ಧಾರವನ್ನು ನಾನು ಒಂದು ಮುಖ್ಯ ತಿರುವೆಂದೇ ಎಣಿಸುತ್ತೇನೆ. 1934ರ ಕಾಯ್ದೆ ಕೊಳ್ಳುವವರು ಮೋಸಹೋಗದಂತೆ ನೋಡಿಕೊಂಡಿತು. 1935ರ ನಿಯಮ ಚರಕದ ಮುಂದೆ ಕೂತ ಹೆಂಗಸಿನ ಕಡೆ ನೋಡಿತು. ಖಾದಿಯ ಮುಂದಿನ ಇತಿಹಾಸವೆಲ್ಲ ಈ ಎರಡರ ನಡುವಿನ ಜಗ್ಗಾಟವೇ.

ಹುಬ್ಬಳ್ಳಿ ಈ ಕಥೆಯೊಳಗೆ ಬಂದದ್ದು ಬಟ್ಟೆಗಿಂತ ಮೊದಲು ಧ್ವಜದ ಮೂಲಕ. 1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ಡಾ. ನಾ. ಸು. ಹರ್ಡೀಕರರು ಹುಬ್ಬಳ್ಳಿಯ ಸ್ವಯಂಸೇವಕರನ್ನು ಕರೆದುಕೊಂಡು ಹೋದರು. ಸೆರೆಮನೆಯಲ್ಲಿ ಕ್ಷಮೆ ಕೇಳಲು ಒಪ್ಪದ ಅವರ ಶಿಸ್ತು ದೇಶದ ಕಣ್ಣಿಗೆ ಬಿತ್ತು. ಅದೇ ವರ್ಷದ ಕೊನೆಯಲ್ಲಿ ಕಾಂಗ್ರೆಸ್ಸಿನ ಕಾಕಿನಾಡ ಅಧಿವೇಶನದ ಹೊತ್ತಿಗೆ ಹಿಂದುಸ್ತಾನಿ ಸೇವಾದಳ ರೂಪುಗೊಂಡಿತು. ಅದರ ಕೇಂದ್ರ ಹುಬ್ಬಳ್ಳಿಯಾಯಿತು. ಧ್ವಜವನ್ನು ಏರಿಸುವ, ವಂದಿಸುವ, ಇಳಿಸುವ ಕ್ರಮವನ್ನು ಊರೂರಿಗೆ ಕಲಿಸಿದ್ದು ಈ ದಳ. 1932ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಅಂದರೆ, ಇಲ್ಲಿನ ಮಗ್ಗಗಳ ಮೇಲೆ ಧ್ವಜದ ಬಟ್ಟೆ ಬರುವುದಕ್ಕೆ ಎಷ್ಟೋ ಮೊದಲೇ ಆ ಧ್ವಜಕ್ಕಾಗಿ ಸೆರೆಮನೆ ಕಂಡ ಜನ ಈ ಊರಲ್ಲಿದ್ದರು. ಧಾರವಾಡ ಸೀಮೆಯ ಕರಿಮಣ್ಣಿನ ಹತ್ತಿ, ಹುಬ್ಬಳ್ಳಿಯ ಅರಳೆ ಪೇಟೆ, ಇಲ್ಲಿಯೇ ಇದ್ದ ಬಟ್ಟೆ ಗಿರಣಿ ಇವೆಲ್ಲ ಹಿನ್ನೆಲೆಯಲ್ಲಿದ್ದವು ನಿಜ. ಆದರೆ ಹತ್ತಿ ಬೆಳೆಯುವ ಊರುಗಳು ದೇಶದಲ್ಲಿ ಬೇಕಾದಷ್ಟಿವೆ. ಧ್ವಜದ ಕೆಲಸ ಇಲ್ಲಿ ನೆಲೆ ನಿಂತದ್ದಕ್ಕೆ ಈ ಹೋರಾಟದ ಪರಂಪರೆಯೂ ಕಾರಣ ಎಂದು ನಂಬಲು ಆಧಾರವಿದೆ.

1947ರ ಜುಲೈ 22ರಂದು ಸಂವಿಧಾನ ಸಭೆ ತ್ರಿವರ್ಣ ಧ್ವಜವನ್ನು ಅಂಗೀಕರಿಸಿದಾಗ ನೆಹರೂ ಸಭೆಯ ಮುಂದಿಟ್ಟ ಎರಡು ಧ್ವಜಗಳಲ್ಲಿ ಒಂದು ಖಾದಿ ರೇಷ್ಮೆಯದು, ಇನ್ನೊಂದು ಖಾದಿ ಹತ್ತಿಯದು. ಹೊಸ ಗಣರಾಜ್ಯ ತನ್ನ ಸರಕುಗಳಿಗೆ ಮಾನಕಗಳನ್ನು ಬರೆಯತೊಡಗಿದಾಗ ಮೊದಲನೆಯ ಸಂಖ್ಯೆಯನ್ನು, ಅಂದರೆ ‘ಐ.ಎಸ್. 1’ ಅನ್ನು, 1951ರಲ್ಲಿ ರಾಷ್ಟ್ರಧ್ವಜಕ್ಕೇ ಕೊಟ್ಟಿತು. 1968ರಲ್ಲಿ ಅದನ್ನು ಮತ್ತೆ ಪರಿಷ್ಕರಿಸಲಾಯಿತು. 1954ರಲ್ಲಿ ಧಾರವಾಡ ತಾಲ್ಲೂಕಿನ ಗರಗದಲ್ಲಿ ಕ್ಷೇತ್ರೀಯ ಸೇವಾ ಸಂಘ ಹುಟ್ಟಿತು. ಧ್ವಜದ ಬಟ್ಟೆಗೆ ಗರಗ ಹೆಸರಾಯಿತು. 1956ರ ಕಾಯ್ದೆಯಂತೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಬಂತು. ಖಾದಿ ಎಂದರೆ ಭಾರತದಲ್ಲಿ ಕೈಯಿಂದ ನೂತ ಹತ್ತಿ, ರೇಷ್ಮೆ ಅಥವಾ ಉಣ್ಣೆಯ ನೂಲಿನಿಂದ ಕೈಮಗ್ಗದಲ್ಲಿ ನೇಯ್ದ ಬಟ್ಟೆ ಎಂದು ಆ ಕಾಯ್ದೆ ಮತ್ತೊಮ್ಮೆ ಗೆರೆ ಎಳೆಯಿತು. 1957ರ ನವೆಂಬರ್ 1ರಂದು, ರಾಜ್ಯ ಏಕೀಕರಣಗೊಂಡು ಸರಿಯಾಗಿ ಒಂದು ವರ್ಷಕ್ಕೆ, ಗಾಂಧಿವಾದಿಗಳ ಒಂದು ಗುಂಪು ಹುಬ್ಬಳ್ಳಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನು ಕಟ್ಟಿತು. ರಾಜ್ಯದ ನಾನಾ ಕಡೆಯ ಖಾದಿ ಸಂಸ್ಥೆಗಳಿಗೆ ಅದು ಒಂದು ಮನೆಯಾಯಿತು.

ಧ್ವಜ ತಯಾರಾಗುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಈ ವಿವರದಲ್ಲೇ ವಾದದ ತಿರುಳಿದೆ. ಕರ್ನಾಟಕದ ಖಾದಿ ಸಂಸ್ಥೆಗಳಿಗೆ ಹಂಜಿ ಒದಗಿಸಲು ಆಯೋಗದ ಘಟಕ ಚಿತ್ರದುರ್ಗದಲ್ಲಿದೆ. ಹಂಜಿಯನ್ನು ಚರಕದ ಮೇಲೆ ನೂಲು ಮಾಡುವವರು ಬಹುಪಾಲು ಹಳ್ಳಿಯ ಹೆಂಗಸರು. ಗರಗದಲ್ಲಿ, ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ಆ ನೂಲು ಮಗ್ಗ ಏರುತ್ತದೆ. ಧ್ವಜಕ್ಕೆ ಎರಡು ಬಗೆಯ ಬಟ್ಟೆ ಬೇಕು. ಹಾರುವ ಮೂರು ಪಟ್ಟಿಗಳಿಗೆ ಬಂಟಿಂಗ್ ಎಂಬ ಬಟ್ಟೆ, ಕಂಬದ ಕಡೆ ಹಗ್ಗ ತೂರಿಸುವ ಪಟ್ಟಿಗೆ ಡಕ್ ಎಂಬ ದಪ್ಪ ಬಟ್ಟೆ. ಡಕ್ ನೇಯುವುದು ಎಲ್ಲ ನೇಕಾರರ ಕೈಗೆ ಒಗ್ಗುವ ಕೆಲಸವಲ್ಲ. ಆಮೇಲೆ ಬಿಳುಪು ಮಾಡುವುದು, ಕೇಸರಿ ಮತ್ತು ಹಸಿರು ಬಣ್ಣ ಹಾಕುವುದು, ಇಪ್ಪತ್ನಾಲ್ಕು ಅರಗಳ ಚಕ್ರವನ್ನು ಎರಡೂ ಬದಿಗೆ ಒಂದರ ಹಿಂದೆ ಒಂದು ಸರಿಯಾಗಿ ಕೂರುವಂತೆ ಒತ್ತುವುದು, ಕತ್ತರಿಸುವುದು, ಹೊಲಿಯುವುದು, ಹಗ್ಗ ಮತ್ತು ಮರದ ಗುಂಡಿ ಕೂಡಿಸುವುದು. ಅಳತೆಗಳು ಒಂಬತ್ತು: ಮೇಜಿನ ಮೇಲಿಡುವ 6 ಇಂಚು ಉದ್ದ 4 ಇಂಚು ಅಗಲದ ಧ್ವಜದಿಂದ ಹಿಡಿದು 21 ಅಡಿ ಉದ್ದ 14 ಅಡಿ ಅಗಲದ ಧ್ವಜದವರೆಗೆ. ನೂಲಿನ ಎಣಿಕೆ, ಬಣ್ಣದ ಛಾಯೆ, ಬಿಸಿಲಿಗೆ ಮತ್ತು ನೀರಿಗೆ ಬಣ್ಣ ತಾಳುವ ಬಗೆ, ಚಕ್ರದ ಅಳತೆ, ಹೊಲಿಗೆ ಎಲ್ಲಕ್ಕೂ ಮಾನಕ ಇದೆ. ಒಂದರಲ್ಲಿ ತಪ್ಪಿದರೂ ಧ್ವಜ ಹೊರಗೆ ಹೋಗುವಂತಿಲ್ಲ.

ಇಷ್ಟೆಲ್ಲ ಮಾಡಿಯೂ ಈ ಸರಕಿನ ಮೇಲೆ ಯಾರಿಗೂ ಟ್ರೇಡ್‌ಮಾರ್ಕ್ ಇಲ್ಲ, ಇರಲೂ ಸಾಧ್ಯವಿಲ್ಲ. ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯುವ 1950ರ ಕಾಯ್ದೆ ರಾಷ್ಟ್ರಧ್ವಜವನ್ನು ವ್ಯಾಪಾರದ ಗುರುತಾಗಿ ಬಳಸುವುದನ್ನು ನಿಷೇಧಿಸಿದೆ. ಅದು ಸರಿಯಾದ ನಿಷೇಧವೇ. ಧ್ವಜ ಎಲ್ಲರದು. ಹಾಗಾದರೆ ಗರಗದ ಮಗ್ಗಗಳಿಗೆ ಕೆಲಸವನ್ನು ಖಾತ್ರಿ ಮಾಡಿದ್ದು ಏನು? ಧ್ವಜ ಕೈನೂಲಿನ, ಕೈಮಗ್ಗದ ಬಟ್ಟೆಯದೇ ಆಗಿರಬೇಕು ಎಂಬ ಒಂದು ಸಾಲಿನ ನಿಯಮ. 2002ರ ಜನವರಿ 26ರಂದು ಜಾರಿಗೆ ಬಂದ ಭಾರತದ ಧ್ವಜ ಸಂಹಿತೆ ಆ ಸಾಲನ್ನು ಉಳಿಸಿಕೊಂಡಿತ್ತು. ಜೊತೆಗೆ, ಕೆಲವು ರಾಷ್ಟ್ರೀಯ ದಿನಗಳಲ್ಲಿ ಮಾತ್ರ ಧ್ವಜ ಹಾರಿಸಬಹುದಾಗಿದ್ದ ಸಾಮಾನ್ಯ ಜನರಿಗೆ ವರ್ಷದ ಎಲ್ಲ ದಿನವೂ ಹಾರಿಸುವ ಅವಕಾಶ ಕೊಟ್ಟಿತು. ಇದರ ಹಿಂದೆ ಉದ್ಯಮಿ ನವೀನ್ ಜಿಂದಾಲ್ ಹೂಡಿದ್ದ ವ್ಯಾಜ್ಯವಿತ್ತು. 2004ರ ಜನವರಿ 23ರಂದು ಸುಪ್ರೀಂ ಕೋರ್ಟು ಆ ವ್ಯಾಜ್ಯದಲ್ಲಿ ತೀರ್ಪು ಕೊಟ್ಟು, ಗೌರವದಿಂದ ಧ್ವಜ ಹಾರಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದಿತು. ಅದೇ ತೀರ್ಪಿನಲ್ಲಿ, ಧ್ವಜ ಸಂಹಿತೆಯು ಶಾಸನದ ಅರ್ಥದಲ್ಲಿ ಕಾನೂನಲ್ಲ, ಕಾರ್ಯಾಂಗದ ಸೂಚನೆಗಳು ಮಾತ್ರ ಎಂದೂ ಹೇಳಿತು. ಆಗ ಹೆಚ್ಚು ಜನ ಗಮನಿಸದ ಮಾತಿದು. ಸಂಸತ್ತಿನ ಚರ್ಚೆ ಇಲ್ಲದೆ ಸಚಿವಾಲಯದ ಒಂದು ಆದೇಶದಿಂದ ಬದಲಾಗಬಲ್ಲ ಸಾಲಿನ ಮೇಲೆ ಒಂದು ಕಸುಬಿನ ಬಾಳು ನಿಂತಿತ್ತು ಎಂಬುದು ಅಂದೇ ಸ್ಪಷ್ಟವಾಗಿತ್ತು.

ಆ ವರ್ಷಗಳಲ್ಲಿ ಹುಬ್ಬಳ್ಳಿಯಲ್ಲಿ ಇದ್ದದ್ದು ಉತ್ಸಾಹ. ಸಂಯುಕ್ತ ಸಂಘವು 2004ರ ಸುಮಾರಿಗೆ ಬೆಂಗೇರಿಯ ತನ್ನ ಆವರಣದಲ್ಲಿ ಧ್ವಜ ಘಟಕ ತೆರೆಯಿತು. 2006ರ ಹೊತ್ತಿಗೆ ಭಾರತೀಯ ಮಾನಕ ಸಂಸ್ಥೆಯ ಐ.ಎಸ್.ಐ. ಮುದ್ರೆಯೊಂದಿಗೆ ಧ್ವಜಗಳು ಹೊರಬರತೊಡಗಿದವು. ಆ ಮುದ್ರೆಯಿರುವ ಖಾದಿ ಧ್ವಜ ಮಾಡುವ ದೇಶದ ಏಕೈಕ ಘಟಕ ಎಂದು ಬೆಂಗೇರಿ ಹೆಸರಾಯಿತು. ಬಣ್ಣಗಾರಿಕೆಯಿಂದ ಹೊಲಿಗೆಯವರೆಗೆ ಇಲ್ಲಿ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಮಹಿಳೆಯರು. ಸರ್ಕಾರಿ ಕಟ್ಟಡಗಳಿಗೆ, ಸಶಸ್ತ್ರ ಪಡೆಗಳಿಗೆ, ವಿದೇಶದ ರಾಯಭಾರ ಕಚೇರಿಗಳಿಗೆ ಇಲ್ಲಿಂದ ಧ್ವಜ ಹೋಯಿತು. ಆಗಸ್ಟ್ ಮತ್ತು ಜನವರಿಗೆ ಮುಂಚಿನ ತಿಂಗಳುಗಳಲ್ಲಿ ಕೆಲಸ ಕೈತುಂಬ. ಆ ಆದಾಯದಿಂದಲೇ ಉಳಿದ ತಿಂಗಳುಗಳ ಕೂಲಿ ಸಾಗುತ್ತಿತ್ತು.

ಇದೇ ಹೊತ್ತಿನಲ್ಲಿ ಮುಂಬೈ, ದಿಲ್ಲಿಗಳಲ್ಲಿ ಆಯೋಗ ಹೆಸರಿನ ಯುದ್ಧ ಹೂಡಿತ್ತು. ಖಾದಿ ಮತ್ತೆ ಸಿರಿವಂತರ ಒಲವಿನ ಬಟ್ಟೆಯಾಗಿತ್ತು, ಹೆಸರಿಗೆ ಬೆಲೆ ಬಂದಿತ್ತು. 2013ರ ನಿಯಮಗಳಂತೆ ‘ಖಾದಿ ಮಾರ್ಕ್’ ಚೀಟಿಯಿಲ್ಲದ ಬಟ್ಟೆಯನ್ನು ಖಾದಿ ಎಂದು ಮಾರುವಂತಿಲ್ಲ ಎಂದಾಯಿತು. 2018ರಲ್ಲಿ ಫ್ಯಾಬ್‌ಇಂಡಿಯಾ ಸಂಸ್ಥೆ ತನ್ನ ಬಟ್ಟೆಗಳಿಗೆ ಖಾದಿ ಹೆಸರು ಮತ್ತು ಚರಕದ ಗುರುತು ಬಳಸಿದೆ ಎಂದು ಆಪಾದಿಸಿದ ಆಯೋಗ 525 ಕೋಟಿ ರೂಪಾಯಿ ಪರಿಹಾರ ಕೇಳಿ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. ಅದೇ ವರ್ಷ, ಜರ್ಮನಿಯ ಸೌಂದರ್ಯವರ್ಧಕ ಕಂಪನಿಯೊಂದು ಯುರೋಪಿನಲ್ಲಿ ಖಾದಿ ಹೆಸರನ್ನು ನೋಂದಾಯಿಸಿಕೊಂಡದ್ದನ್ನು ಪ್ರಶ್ನಿಸಿದ್ದ ಆಯೋಗದ ಅರ್ಜಿಗಳು ಐರೋಪ್ಯ ಒಕ್ಕೂಟದ ಜನರಲ್ ಕೋರ್ಟಿನಲ್ಲಿ ಬಿದ್ದುಹೋದವು. ದಿಲ್ಲಿಯಲ್ಲಿ ಮಾತ್ರ ಆಯೋಗಕ್ಕೆ ಮೇಲಿಂದ ಮೇಲೆ ಜಯ ಸಿಕ್ಕಿತು. ‘ಖಾದಿ ಡಿಸೈನ್ ಕೌನ್ಸಿಲ್’, ‘ಮಿಸ್ ಇಂಡಿಯಾ ಖಾದಿ’ ಎಂಬ ಹೆಸರುಗಳ ಬಳಕೆಯನ್ನು 2021ರಲ್ಲಿ ದಿಲ್ಲಿ ಹೈಕೋರ್ಟು ತಡೆಯಿತು. ಆಯೋಗದ ‘ಖಾದಿ ಪ್ರಾಕೃತಿಕ್ ಪೇಂಟ್’ ಹೆಸರನ್ನು ಹೋಲುವ ಬಣ್ಣ ಮಾರುತ್ತಿದ್ದವರ ಮೇಲೂ ತಡೆಯಾಜ್ಞೆ ಬಂತು. ಈ ಕೊನೆಯ ಪ್ರಕರಣ ನನ್ನನ್ನು ಯೋಚನೆಗೆ ಹಚ್ಚುತ್ತದೆ. ಸಗಣಿಯಿಂದ ಮಾಡಿದ, 2021ರ ಜನವರಿಯಲ್ಲಿ ಬಿಡುಗಡೆಯಾದ ಗೋಡೆ ಬಣ್ಣಕ್ಕೆ ಖಾದಿ ಎಂಬ ಹೆಸರಿಟ್ಟದ್ದು ಆಯೋಗವೇ. ಸೋಪು, ಶಾಂಪೂ, ಜೇನುತುಪ್ಪಕ್ಕೂ ಅದೇ ಹೆಸರು. 1934ರ ಕಾಯ್ದೆಯಲ್ಲಿ ಖಾದಿ ಒಂದು ಕೆಲಸದ ವಿಧಾನ: ಹೀಗೆ ನೂತು ಹೀಗೆ ನೇಯ್ದರೆ ಯಾರ ಬಟ್ಟೆಯೂ ಖಾದಿ. ಟ್ರೇಡ್‌ಮಾರ್ಕಿನ ಲೋಕದಲ್ಲಿ ಅದು ಒಡೆಯನಿರುವ ಒಂದು ಆಸ್ತಿ. ಒಡೆಯ ಅದನ್ನು ಬಟ್ಟೆಯಿಂದ ಬಣ್ಣಕ್ಕೆ, ಬಣ್ಣದಿಂದ ಸೋಪಿಗೆ ಒಯ್ಯಬಹುದು. ಹೆಸರು ಬಲವಾಗುತ್ತ ಹೋಯಿತು, ಚರಕದ ಜೊತೆಗಿನ ಅದರ ನಂಟು ಸಡಿಲಾಗುತ್ತ ಹೋಯಿತು.

ವಿದ್ವಾಂಸರಲ್ಲೂ ಖಾದಿಯನ್ನು ಹೇಗೆ ನೋಡಬೇಕೆಂಬ ಭಿನ್ನಾಭಿಪ್ರಾಯವಿದೆ. ಖಾದಿಯ ನಿಜವಾದ ಶಕ್ತಿ ಅದು ಕಟ್ಟಿದ ದೃಶ್ಯದಲ್ಲಿತ್ತು, ಟೋಪಿ, ಧ್ವಜ, ಪ್ರದರ್ಶನಗಳ ಮೂಲಕ ಅದು ಓದುಬರಹ ಬಾರದವರಿಗೂ ರಾಷ್ಟ್ರವನ್ನು ಕಾಣಿಸಿತು ಎಂಬುದು ಲಿಸಾ ತ್ರಿವೇದಿಯವರ ಒತ್ತು. ಉಡುಗೆಯ ಇತಿಹಾಸ ಬರೆದ ಎಮ್ಮಾ ಟಾರ್ಲೊ ಅವರು, ಎಲ್ಲರನ್ನೂ ಸಮ ಮಾಡಬೇಕಿದ್ದ ಖಾದಿಯೊಳಗೇ ನಯ, ಒರಟು, ಬೆಲೆಗಳ ಮೇಲಾಟ ಹೇಗೆ ಬೆಳೆಯಿತೆಂದು ತೋರಿಸುತ್ತಾರೆ. ಅರ್ಥಶಾಸ್ತ್ರದ ಕಡೆಯಿಂದ ನೋಡುವವರಿಗೆ ಖಾದಿ ಎಂದರೆ ರಿಬೇಟಿನ ಆಸರೆಯಲ್ಲಿ ಉಳಿದ ಉದ್ಯೋಗ. ಮೂರರಲ್ಲೂ ನಿಜವಿದೆ. ಆದರೆ ಮೂವರೂ ಬಟ್ಟೆಯನ್ನು ತೊಡುವವರ ಅಥವಾ ಕೊಳ್ಳುವವರ ಕಡೆಯಿಂದಲೇ ಹೆಚ್ಚಾಗಿ ನೋಡುತ್ತಾರೆ. ಬೆಂಗೇರಿಯಲ್ಲಿ ನಡೆದದ್ದನ್ನು ಅರಿಯಲು ಮಾಡುವವರ ಕಡೆಯಿಂದ ನೋಡುವುದೇ ಅಗತ್ಯ.

2021ರ ಡಿಸೆಂಬರ್ 30ರಂದು ಕೇಂದ್ರ ಗೃಹ ಸಚಿವಾಲಯ ಧ್ವಜ ಸಂಹಿತೆಗೆ ತಿದ್ದುಪಡಿ ತಂದಿತು. ಧ್ವಜವು ಕೈನೂಲಿನ ಕೈಮಗ್ಗದ ಬಟ್ಟೆಯದಾಗಿರಬಹುದು ಅಥವಾ ಯಂತ್ರದಲ್ಲಿ ತಯಾರಾದದ್ದೂ ಆಗಿರಬಹುದು; ಹತ್ತಿ, ಉಣ್ಣೆ, ರೇಷ್ಮೆ, ಖಾದಿಗಳ ಜೊತೆಗೆ ಪಾಲಿಯೆಸ್ಟರ್ ಕೂಡ ಆಗುತ್ತದೆ ಎಂದಾಯಿತು. 2022ರ ಜುಲೈನಲ್ಲಿ, ಯಂತ್ರದ ಮತ್ತು ಪಾಲಿಯೆಸ್ಟರ್ ಧ್ವಜಗಳಿಗೂ ಜಿ.ಎಸ್.ಟಿ. ವಿನಾಯಿತಿ ಇದೆ ಎಂದು ಸರ್ಕಾರ ಸ್ಪಷ್ಟಪಡಿಸಿತು. ತೆರಿಗೆಯಲ್ಲಿ ಖಾದಿಗೆ ಇದ್ದ ಸಣ್ಣ ಅನುಕೂಲವೂ ಅಲ್ಲಿಗೆ ಮುಗಿಯಿತು. ಆ ಆಗಸ್ಟ್ 13ರಿಂದ 15ರವರೆಗೆ ‘ಹರ್ ಘರ್ ತಿರಂಗಾ’ ಅಭಿಯಾನ ನಡೆಯಿತು. ಇಪ್ಪತ್ತು ಕೋಟಿಗೂ ಹೆಚ್ಚು ಮನೆಗಳ ಗುರಿ. ಅಂಚೆ ಕಚೇರಿಗಳಲ್ಲಿ ಧ್ವಜ 25 ರೂಪಾಯಿಗೆ ಸಿಕ್ಕಿತು. ಸ್ವಾತಂತ್ರ್ಯದ ಎಪ್ಪತ್ತೈದನೆಯ ವರ್ಷ ಬೆಂಗೇರಿಗೆ ಅತ್ಯಂತ ದೊಡ್ಡ ಹಂಗಾಮು ಆಗಬೇಕಿತ್ತು. ಆದರೆ ಬೇಡಿಕೆ ಕುಸಿಯಿತು. ಸಂಘದವರು ತಿದ್ದುಪಡಿ ಹಿಂಪಡೆಯಿರಿ ಎಂದು ಪ್ರಧಾನಿಗೆ ಬರೆದರು, ಹುಬ್ಬಳ್ಳಿಯಲ್ಲಿ ಪ್ರತಿಭಟನೆ ನಡೆಸಿದರು. ಇತ್ತ ಹಲವು ಊರುಗಳಿಂದ ಚಕ್ರ ಪಕ್ಕಕ್ಕೆ ಸರಿದ, ಪಟ್ಟಿಗಳು ಸಮನಾಗಿಲ್ಲದ ಧ್ವಜಗಳ ದೂರು ಬಂದವು.

ಇಲ್ಲಿ ಯಾವ ಕಾನೂನೂ ಮುರಿದಿಲ್ಲ ಎಂಬುದನ್ನು ಗಮನಿಸಬೇಕು. ಪಾಲಿಯೆಸ್ಟರ್ ಧ್ವಜ ಮಾಡಿದವರು ಅದನ್ನು ಖಾದಿ ಎಂದು ಕರೆಯಲಿಲ್ಲ. ಆದ್ದರಿಂದ 1934ರ ಕಾಯ್ದೆಯ ತತ್ವ ಅವರನ್ನು ಮುಟ್ಟುವುದಿಲ್ಲ, ಖಾದಿ ಮಾರ್ಕ್ ಮುಟ್ಟುವುದಿಲ್ಲ, ಟ್ರೇಡ್‌ಮಾರ್ಕ್ ಕಾನೂನೂ ಮುಟ್ಟುವುದಿಲ್ಲ. ಧಾರವಾಡ ಪೇಡೆಗೆ ಇರುವಂಥ ಭೌಗೋಳಿಕ ಸೂಚಕ ಇದ್ದಿದ್ದರೆ ಎಂದು ಕೆಲವರು ಕೇಳಬಹುದು. ಅದೂ ಹೆಸರಿನ ರಕ್ಷಣೆಯೇ. ಬೇರೆ ಊರಿನವರು ‘ಧಾರವಾಡ ಪೇಡೆ’ ಎಂದು ಬರೆದು ಮಾರದಂತೆ ಅದು ತಡೆಯುತ್ತದೆ. ಜನ ಬೇರೆ ಸಿಹಿ ಕೊಂಡರೆ ಅದು ಏನೂ ಮಾಡಲಾರದು. ಪೇಡೆಗೆ ಅಷ್ಟು ಸಾಕು, ಏಕೆಂದರೆ ರುಚಿಯೇ ಗಿರಾಕಿಯನ್ನು ಮತ್ತೆ ಕರೆತರುತ್ತದೆ. ಆದರೆ ಕಂಬದ ಮೇಲೆ ಹಾರುವ ಧ್ವಜವನ್ನು ಕೆಳಗೆ ನಿಂತು ನೋಡುವವರಿಗೆ ಕೈನೂಲು ಮತ್ತು ಯಂತ್ರದ ನೂಲಿನ ವ್ಯತ್ಯಾಸ ಕಾಣುವುದಿಲ್ಲ. ಅಲ್ಲಿ ನೂಲುವವರನ್ನು ಉಳಿಸಬಲ್ಲದ್ದು ನಿಯಮ ಒಂದೇ.

ತಿದ್ದುಪಡಿಯ ಪರವಾದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಪ್ಪತ್ತು ಕೋಟಿ ಧ್ವಜಗಳನ್ನು ಖಾದಿಯಲ್ಲಿ ಒದಗಿಸಲು ಬೆಂಗೇರಿಗಾಗಲಿ ದೇಶದ ಎಲ್ಲ ಖಾದಿ ಸಂಸ್ಥೆಗಳಿಗಾಗಲಿ ಸಾಧ್ಯವಿರಲಿಲ್ಲ. ಕೂಲಿ ಮಾಡುವವರ ಮನೆಗೂ ಧ್ವಜ ಬೇಕೆಂದರೆ ಅದು ಅವರ ಕೈಗೆಟಕುವ ಬೆಲೆಯಲ್ಲಿರಬೇಕು. ಧ್ವಜ ಹಾರಿಸುವುದು ಹಕ್ಕು ಎಂದು ನ್ಯಾಯಾಲಯವೇ ಹೇಳಿದ ಮೇಲೆ ದುಬಾರಿ ಬಟ್ಟೆಯ ಷರತ್ತು ಆ ಹಕ್ಕಿಗೆ ಅಡ್ಡಿ. ನಿಯಮ ಬದಲಾಗುವ ಮೊದಲೂ ಪೇಟೆಯಲ್ಲಿ ಪ್ಲಾಸ್ಟಿಕ್ ಮತ್ತು ಪಾಲಿಯೆಸ್ಟರ್ ಧ್ವಜಗಳು ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. ಇನ್ನು, ಸರ್ಕಾರದ ಆಸರೆಯಲ್ಲಿ ಬೆಳೆದ ಖಾದಿ ಸಂಸ್ಥೆಗಳು ತಮ್ಮ ಕೆಲಸದ ವೇಗವನ್ನೂ ಮಾರಾಟದ ಬಗೆಯನ್ನೂ ಸುಧಾರಿಸಿಕೊಳ್ಳಲಿಲ್ಲ ಎಂಬ ದೂರಿನಲ್ಲೂ ಹುರುಳಿದೆ. ಇವೆಲ್ಲವನ್ನೂ ಒಪ್ಪುತ್ತೇನೆ. ಒಪ್ಪಿದ ಮೇಲೂ ಉಳಿಯುವ ಪ್ರಶ್ನೆ ಇದು: ಮನೆಯ ಮೇಲಿನ ಧ್ವಜಕ್ಕೆ ಕೊಟ್ಟ ಸಡಿಲಿಕೆಯನ್ನು ಕಚೇರಿಯ ಮೇಲಿನ ಧ್ವಜಕ್ಕೂ ಏಕೆ ಕೊಡಬೇಕಿತ್ತು? ಜಿಲ್ಲಾಧಿಕಾರಿ ಕಚೇರಿ, ನ್ಯಾಯಾಲಯ, ವಿಧಾನಸೌಧ, ಸೇನೆಯ ನೆಲೆ, ರಾಯಭಾರ ಕಚೇರಿಗಳಿಗೆ ಬೆಲೆಯ ಅಡಚಣೆ ಇಲ್ಲ. ಅವು ಬೇಡುವ ಧ್ವಜಗಳ ಸಂಖ್ಯೆ ಬೆಂಗೇರಿಯ ಮಹಿಳೆಯರು ಹೊಲಿದು ಮುಗಿಸಲಾಗದಷ್ಟು ದೊಡ್ಡದೂ ಅಲ್ಲ, ವರ್ಷಗಟ್ಟಲೆ ಅವರೇ ಹೊಲಿದು ಕೊಟ್ಟದ್ದು. 2021ರ ತಿದ್ದುಪಡಿ ಈ ಎರಡನ್ನೂ ಒಂದೇ ಸಾಲಿಗೆ ಸೇರಿಸಿತು.

ಆ ಸಾಲನ್ನು ಎರಡಾಗಿ ಒಡೆಯಲು ಹೊಸ ಕಾನೂನು ಬೇಕಿಲ್ಲ. ಸಂಹಿತೆ ಕಾರ್ಯಾಂಗದ ಸೂಚನೆ ಎಂದು 2004ರಲ್ಲೇ ತೀರ್ಮಾನವಾಗಿದೆ. ಒಂದು ಆದೇಶದಿಂದ ಹೋದದ್ದು ಇನ್ನೊಂದು ಆದೇಶದಿಂದ ಮರಳಬಹುದು. ನಾಗರಿಕರು ತಮಗೆ ಒಗ್ಗುವ ಬಟ್ಟೆಯ ಧ್ವಜವನ್ನು ಹಾರಿಸಲಿ, ಸಾರ್ವಜನಿಕ ಹಣದಿಂದ ಕೊಳ್ಳುವ ಧ್ವಜ ಮಾತ್ರ ಕೈನೂಲಿನದೇ ಆಗಿರಲಿ ಎಂದು ಗೃಹ ಸಚಿವಾಲಯ ಬರೆಯಬಹುದು. ಅದು ಬರೆಯದಿದ್ದರೂ ಕರ್ನಾಟಕ ಸರ್ಕಾರ ತನ್ನ ಕಚೇರಿಗಳು, ಶಾಲೆಗಳು, ಗ್ರಾಮ ಪಂಚಾಯಿತಿಗಳಿಗೆ ಖಾದಿ ಧ್ವಜವನ್ನೇ ಕೊಳ್ಳಬೇಕೆಂದು ಹೇಳಲು ಸಂಹಿತೆ ಅಡ್ಡ ಬರುವುದಿಲ್ಲ, ಖಾದಿ ಈಗಲೂ ಅದರ ಪಟ್ಟಿಯಲ್ಲಿದೆ. ಹೆಸರಿಗಾಗಿ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಹೋಗುವ ಆಯೋಗ ಈ ಬೇಡಿಕೆಯನ್ನು ತನ್ನದೇ ಸರ್ಕಾರದ ಮುಂದೆ ಇಡಬೇಕು. ಗರಗದ ಮಗ್ಗಕ್ಕೆ ಈಗ ಬೇಕಾಗಿರುವುದು ವರ್ಷವಿಡೀ ನಿಲ್ಲದೆ ಬರುವ ಆರ್ಡರು.